ದಣಿವು, ಬಳಲಿಕೆ ಮತ್ತು ನಿಸರ್ಗೋಪಚಾರ

1. ಶಬ್ದವಿಚಾರ

ದೇಹದ ಶಕ್ತಿ ಕುಂದಿದ ಸ್ಥಿತಿಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ದಣಿವು, ಆಯಾಸ, ಬಳಲಿಕೆ, ಸುಸ್ತು, ನಿತ್ರಾಣ, ನಿಶ್ಶಕ್ತಿ ಎಂಬಿವನ್ನು ನಾವು ದಿನಬಳಕೆಯಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ಆಡುತ್ತೇವೆ. ಆದರೆ ಅವುಗಳ ಅರ್ಥಚ್ಛಾಯೆ ಒಂದೇ ಅಲ್ಲ. ‘ದಣಿ’ ಎಂಬ ಧಾತುವಿಗೆ ಬಳಲು ಎಂಬ ಅರ್ಥದೊಡನೆ ತೃಪ್ತಿಪಡು ಎಂಬ ಅರ್ಥವೂ ಉಂಟು; ‘ಮನದಣಿಯೆ’, ‘ಕಣ್ದಣಿಯೆ’ ಎಂಬ ಪ್ರಯೋಗಗಳಲ್ಲಿ ಇರುವುದು ಈ ಎರಡನೆಯ ಅರ್ಥವೇ. ಹಗಲೆಲ್ಲ ಹೊಲದಲ್ಲಿ ದುಡಿದು ಮನೆಗೆ ಬಂದವನ ದಣಿವಿನಲ್ಲಿ ತೃಪ್ತಿಯ ಅಂಶವೂ ಬೆರೆತಿರುತ್ತದೆ. ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಅದು ತೀರಿಹೋಗುತ್ತದೆ. ಪ್ರಸ್ತುತ ಲೇಖನದ ವಿಷಯ ಆ ದಣಿವಲ್ಲ. ಮಾಡಿದ ಕೆಲಸದ ಪ್ರಮಾಣಕ್ಕೆ ಹೊಂದದೆ, ನಿದ್ರೆಯಿಂದಲೂ ತೀರದೆ, ತಿಂಗಳುಗಟ್ಟಲೆ ಬಿಡದೆ ಕಾಡುವ ಬಳಲಿಕೆ.

ಈ ಭೇದವನ್ನು ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ದುಡಿಮೆಯಿಂದ ಬರುವುದಕ್ಕೆ ‘ಶ್ರಮ’ವೆಂದೂ ದುಡಿಯದೆಯೇ ಬರುವುದಕ್ಕೆ ‘ಕ್ಲಮ’ವೆಂದೂ ಅವರು ಬೇರೆ ಬೇರೆ ಹೆಸರಿಟ್ಟರು. ಸುಶ್ರುತಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಕ್ಲಮಕ್ಕೆ ಹೇಳಿರುವ ಲಕ್ಷಣಗಳು ಮೂರು: ಆಯಾಸಪಡದಿದ್ದರೂ ಮೈಯಲ್ಲಿ ಹೆಚ್ಚುವ ದಣಿವು, ಅದರೊಡನೆ ಏದುಸಿರು ಇಲ್ಲದಿರುವುದು, ಇಂದ್ರಿಯಗಳು ತಮ್ಮ ತಮ್ಮ ವಿಷಯಗಳನ್ನು ಗ್ರಹಿಸುವುದಕ್ಕೆ ಅಡ್ಡಿಯಾಗುವುದು. ಈ ಮೂರನೆಯ ಲಕ್ಷಣವು ವಿಶೇಷ ಗಮನಕ್ಕೆ ಅರ್ಹವಾದದ್ದು. ಬಹುಕಾಲ ಬಳಲಿದವರು ಇಂದಿಗೂ ವೈದ್ಯರ ಮುಂದೆ ತೋಡಿಕೊಳ್ಳುವುದು ಇದನ್ನೇ: ಓದಿದ್ದು ತಲೆಗೆ ಹತ್ತುವುದಿಲ್ಲ, ಆಡಬೇಕೆಂದ ಮಾತು ನಾಲಗೆಗೆ ಬರುವುದಿಲ್ಲ, ಬುದ್ಧಿಗೆ ಮಂಕು ಕವಿದಂತಿದೆ.

ಹೊರನಾಡಿನಲ್ಲಿ ನೆಲಸಿದ ನಮ್ಮವರಲ್ಲಿ ಈ ದೂರು ಸಾಮಾನ್ಯವಾದದ್ದು. ಬೆಳಗ್ಗೆ 5 ಗಂಟೆಗೆ ಎದ್ದು, ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ರಾತ್ರಿ 9ಕ್ಕೆ ಮನೆ ಸೇರುವವರು ‘ಊರಿನ ನೀರು, ಊರಿನ ಗಾಳಿ ತಪ್ಪಿದ್ದರಿಂದ ಹೀಗಾಯಿತು’ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಅನುಕೂಲವುಳ್ಳವರು ವರ್ಷಕ್ಕೊಮ್ಮೆ ರಜೆ ಹಾಕಿ ಊರಿನ ಕಡೆಯ ಪ್ರಕೃತಿ ಚಿಕಿತ್ಸಾಲಯವೊಂದರಲ್ಲಿ ಹತ್ತು ಹದಿನೈದು ದಿನ ಇದ್ದು, ಹೊಸ ಮನುಷ್ಯರಾಗಿ ಹಿಂತಿರುಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತಾರೆ. ಆ ಹದಿನೈದು ದಿನಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು? ಮಣ್ಣಿನ ಪಟ್ಟಿಯೇ, ಕಟಿಸ್ನಾನವೇ, ಉಪವಾಸವೇ, ಅಥವಾ ಬರಿಯ ನಿದ್ರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಿಸರ್ಗೋಪಚಾರವು ಬೆಳೆದುಬಂದ ದಾರಿಯನ್ನೂ ಅದರ ಸಿದ್ಧಾಂತವನ್ನೂ ಸ್ವಲ್ಪ ಪರಿಶೀಲಿಸಬೇಕಾಗುತ್ತದೆ.

2. ಇತಿಹಾಸ

ನಿಸರ್ಗೋಪಚಾರವು ಭಾರತದ ಪುರಾತನ ಪದ್ಧತಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಲಂಘನ, ಪಥ್ಯ, ಸ್ನಾನ, ಅಭ್ಯಂಗಗಳು ನಮ್ಮಲ್ಲಿ ಹಳೆಯವೇ ನಿಜ. ಆದರೆ ಔಷಧವನ್ನೇ ವರ್ಜಿಸಿ ನೀರು, ಮಣ್ಣು, ಬಿಸಿಲು, ಗಾಳಿಗಳಿಂದಲೇ ರೋಗವನ್ನು ಗುಣಪಡಿಸಬೇಕೆಂಬ ವ್ಯವಸ್ಥಿತವಾದ ಪಂಥವು ಬೆಳೆದದ್ದು 19ನೆಯ ಶತಮಾನದ ಮಧ್ಯ ಯುರೋಪಿನಲ್ಲಿ. ಸೈಲೀಸಿಯದ ಗ್ರೇಫನ್‌ಬರ್ಗ್ ಎಂಬ ಹಳ್ಳಿಯ ರೈತ ವಿನ್ಸೆಂಟ್ ಪ್ರೀಸ್ನಿಟ್ಸ್ (1799–1851) ತಣ್ಣೀರಿನ ಚಿಕಿತ್ಸೆಯಿಂದ ಖ್ಯಾತನಾದನು. ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821–1897) ತನ್ನ ಜಲಚಿಕಿತ್ಸೆಯ ಗ್ರಂಥವನ್ನು 1886ರಲ್ಲಿ ಪ್ರಕಟಿಸಿ, ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದನ್ನು ರೂಢಿಗೆ ತಂದನು. ಲೈಪ್‌ಜಿಗ್ ನಗರದ ಲೂಯಿ ಕೂನೆ (1835–1901) ಕಟಿಸ್ನಾನವನ್ನೂ, ಅಡಾಲ್ಫ್ ಯುಸ್ಟ್ (1859–1936) ಮಣ್ಣಿನ ಪಟ್ಟಿಯನ್ನೂ ಪ್ರಚಾರಪಡಿಸಿದರು. ಕ್ನೈಪನ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದು ‘ನ್ಯಾಚುರೋಪತಿ’ ಎಂಬ ಹೆಸರನ್ನು ಲೋಕವ್ಯಾಪಿಯಾಗಿ ಮಾಡಿದವನು ಬೆನೆಡಿಕ್ಟ್ ಲಸ್ಟ್.

ಇದೇ ಶತಮಾನದಲ್ಲಿ ದೀರ್ಘಕಾಲದ ಬಳಲಿಕೆಯು ವೈದ್ಯಶಾಸ್ತ್ರದಲ್ಲಿ ಒಂದು ರೋಗವೆಂಬ ಸ್ಥಾನ ಪಡೆದದ್ದು ಆಕಸ್ಮಿಕವಲ್ಲ. 1869ರಲ್ಲಿ ನ್ಯೂಯಾರ್ಕಿನ ವೈದ್ಯ ಜಾರ್ಜ್ ಮಿಲ್ಲರ್ ಬಿಯರ್ಡ್ ‘ನ್ಯೂರಸ್ತೀನಿಯಾ’, ಅಂದರೆ ನರಗಳ ನಿಶ್ಶಕ್ತಿ, ಎಂಬ ರೋಗವನ್ನು ವಿವರಿಸಿದನು. ಉಗಿಯಂತ್ರ, ತಂತಿ, ವೃತ್ತಪತ್ರಿಕೆಗಳಿಂದ ಕೂಡಿದ ಹೊಸ ನಾಗರಿಕತೆಯ ವೇಗವು ಮನುಷ್ಯನ ನರಶಕ್ತಿಯ ನಿಧಿಯನ್ನು ಬರಿದು ಮಾಡುತ್ತದೆಂಬುದು ಅವನ ವಾದ. ಅವನ ಸಮಕಾಲೀನನಾದ ವೇರ್ ಮಿಚೆಲ್ ಇಂಥ ರೋಗಿಗಳಿಗೆ ವಾರಗಟ್ಟಲೆ ಹಾಸಿಗೆಯ ವಿಶ್ರಾಂತಿ, ಹಾಲು, ಅಂಗಮರ್ದನಗಳನ್ನು ವಿಧಿಸಿದನು. ಕಾರ್ಖಾನೆ ಮತ್ತು ಕಚೇರಿಗಳಿಂದ ದಣಿದು ಬಂದ ನಗರವಾಸಿಗಳೇ ಯುರೋಪಿನ ಜಲಚಿಕಿತ್ಸಾಲಯಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹೀಗೆ ನಿಸರ್ಗೋಪಚಾರವೂ ನಗರದ ಬಳಲಿಕೆಯೂ ಒಂದೇ ಕಾಲದ ಕೂಸುಗಳೆಂದು ಹೇಳಿದರೆ ತಪ್ಪಾಗಲಾರದು.

ಭಾರತದಲ್ಲಿ ಈ ಪದ್ಧತಿಗೆ ಗೌರವ ತಂದುಕೊಟ್ಟವರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿದ್ದಾಗ ಮಲಬದ್ಧತೆ ಮತ್ತು ತಲೆನೋವುಗಳಿಗೆ ಕೂನೆಯ ಸ್ನಾನಗಳನ್ನೂ ಯುಸ್ಟನ ಮಣ್ಣಿನ ಪಟ್ಟಿಯನ್ನೂ ಪ್ರಯೋಗಿಸಿ ನೋಡಿದ ಸಂಗತಿಯನ್ನು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿದ್ದಾಗ ಆರೋಗ್ಯವನ್ನು ಕುರಿತ ತಮ್ಮ ಕಿರುಗ್ರಂಥವನ್ನು ಬರೆದು, ಪೃಥ್ವಿ, ಜಲ, ಆಕಾಶ, ತೇಜ, ವಾಯು ಎಂಬ ಪಂಚಭೂತಗಳ ಚೌಕಟ್ಟಿನಲ್ಲಿ ಚಿಕಿತ್ಸೆಯನ್ನು ವಿವರಿಸಿದರು. ಜರ್ಮನಿಯ ಪದ್ಧತಿ ಭಾರತೀಯ ವೇಷ ಧರಿಸಿದ್ದು ಹೀಗೆ. ಪುಣೆಯ ಡಾ. ದಿನಶಾ ಮೆಹತಾ ಅವರ ಚಿಕಿತ್ಸಾಲಯದಲ್ಲಿ ಗಾಂಧೀಜಿ ತಂಗಿದ್ದರು. 1946ರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ಹಳ್ಳಿಗರಿಗಾಗಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದರು. ದಿನಶಾ ಅವರ ಚಿಕಿತ್ಸಾಲಯವಿದ್ದ ‘ಬಾಪು ಭವನ’ದಲ್ಲಿ 1986ರಿಂದ ರಾಷ್ಟ್ರೀಯ ಪ್ರಾಕೃತಿಕ ಚಿಕಿತ್ಸಾ ಸಂಸ್ಥೆ ನಡೆದು ಬಂದಿದೆ. ನಮ್ಮ ನಾಡಿನ ಉಜಿರೆಯಲ್ಲಿ 1989ರಲ್ಲಿ ಈ ಶಾಸ್ತ್ರದ ಪದವಿ ಕಾಲೇಜು ಸ್ಥಾಪನೆಯಾಯಿತು.

ಬಳಲಿಕೆಯ ಪ್ರಸ್ತಾಪದಲ್ಲಿ ಗಾಂಧೀಜಿಯವರ ಜೀವನದ ಇನ್ನೊಂದು ಸಂಗತಿಯೂ ಸ್ಮರಣೀಯ. 1927ರ ಮಾರ್ಚ್ ತಿಂಗಳಲ್ಲಿ, ಖಾದಿಯ ಪ್ರವಾಸದ ನಡುವೆ, ಅತಿಶ್ರಮದಿಂದ ಅವರ ಆರೋಗ್ಯ ಕುಸಿಯಿತು. ಏಪ್ರಿಲಿನಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತರಲಾಯಿತು. ಅಲ್ಲಿ ಸುಮಾರು ಒಂದೂವರೆ ತಿಂಗಳು, ಅನಂತರ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಎರಡು ತಿಂಗಳಿಗೂ ಮಿಕ್ಕು ತಂಗಿ ಅವರು ಚೇತರಿಸಿಕೊಂಡರು. ಅಷ್ಟು ಸಂಯಮದ ಆಹಾರವಿಹಾರಗಳುಳ್ಳವರಿಗೂ ದೇಹದ ಸಾಲ ತೀರಿಸುವುದಕ್ಕೆ ತಿಂಗಳುಗಳೇ ಬೇಕಾದವು. ಹತ್ತು ದಿನದ ರಜೆಯಲ್ಲಿ ಎರಡು ವರ್ಷದ ಬಳಲಿಕೆಯನ್ನು ಕಳೆಯಬಯಸುವ ನಾವು ಇದನ್ನು ನೆನೆಯಬೇಕು.

3. ಸಿದ್ಧಾಂತದ ಪರಿಶೀಲನೆ

ಬಳಲಿಕೆಯ ಬಗ್ಗೆ ನಿಸರ್ಗೋಪಚಾರಕರು ಹೇಳುವುದನ್ನು ಮೂರು ಪ್ರಮೇಯಗಳಲ್ಲಿ ಸಂಗ್ರಹಿಸಬಹುದು. ಮೊದಲನೆಯದು, ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳಬಲ್ಲದು, ವೈದ್ಯನು ಅಡ್ಡಿಗಳನ್ನು ತೆಗೆದರೆ ಸಾಕು ಎಂಬುದು. ಎರಡನೆಯದು, ರೋಗಗಳೆಲ್ಲಕ್ಕೂ ಮೂಲ ಒಂದೇ, ಅದು ದೇಹದಲ್ಲಿ ಸಂಗ್ರಹವಾಗುವ ವಿಜಾತೀಯ ದ್ರವ್ಯ ಎಂಬುದು. ಇದು ಕೂನೆಯ ಮತ. ಬಳಲಿಕೆಯು ಆ ಕಲ್ಮಷದ ಮೊದಲ ಸೂಚನೆಯೆಂದು ಅವನ ಅನುಯಾಯಿಗಳು ತಿಳಿದರು. ಮೂರನೆಯದು, ಪ್ರಾಣಶಕ್ತಿ ಪರಿಮಿತವಾದದ್ದು, ಅತಿಭೋಜನ, ಚಿಂತೆ, ನಿದ್ರಾಭಂಗಗಳಲ್ಲಿ ಅದು ವ್ಯಯವಾಗುತ್ತದೆ, ಆದುದರಿಂದ ಅದನ್ನು ಮಿತವ್ಯಯದಿಂದ ಬಳಸಬೇಕು ಎಂಬುದು.

ಇವುಗಳಲ್ಲಿ ಎರಡನೆಯ ಪ್ರಮೇಯವು ಇಂದು ನಿಲ್ಲುವಂತಿಲ್ಲ. ದೇಹದ ತ್ಯಾಜ್ಯಗಳನ್ನು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳು ಎಡೆಬಿಡದೆ ಹೊರಹಾಕುತ್ತಲೇ ಇರುತ್ತವೆ. ಅವು ಸೋತರೆ ರಕ್ತಪರೀಕ್ಷೆಯಲ್ಲಿ ಅದು ಗೋಚರಿಸುತ್ತದೆ. ಆಗ ಬೇಕಾಗುವುದು ತಜ್ಞರ ಚಿಕಿತ್ಸೆ. ಆರೋಗ್ಯವಾದ ಯಕೃತ್ತುಳ್ಳವನ ಮೈಯಲ್ಲಿ ಗುಪ್ತವಾಗಿ ಅಡಗಿದ್ದು, ಬಸ್ತಿಯಿಂದಲೋ ಹಣ್ಣಿನ ರಸದಿಂದಲೋ ಮಾತ್ರ ಹೊರಡುವ ವಿಷವೊಂದನ್ನು ಯಾವ ಪ್ರಯೋಗಶಾಲೆಯೂ ತೋರಿಸಿಕೊಟ್ಟಿಲ್ಲ. ರೋಗವೆಲ್ಲ ಒಂದೇ ಎಂಬ ಮತದ ಕೆಡುಕು ಇನ್ನೂ ದೊಡ್ಡದು: ಮೂಲ ಒಂದೇ ಆದಮೇಲೆ ಕಾರಣವನ್ನು ಹುಡುಕುವ ಅಗತ್ಯವೇ ಇರುವುದಿಲ್ಲ. ಮೊದಲನೆಯ ಮತ್ತು ಮೂರನೆಯ ಪ್ರಮೇಯಗಳಲ್ಲಿ ಮಾತ್ರ, ಅವನ್ನು ಶಾಸ್ತ್ರವೆಂದು ತಿಳಿಯದೆ ವ್ಯವಹಾರಸೂತ್ರಗಳೆಂದು ತಿಳಿದರೆ, ಬಹುಮಟ್ಟಿನ ಸತ್ಯವಿದೆ. ಆಧುನಿಕ ನಿಸರ್ಗೋಪಚಾರಕರ ಸಂಘಟನೆಗಳು ತಮ್ಮ ತತ್ತ್ವಗಳಲ್ಲಿ ‘ಕಾರಣವನ್ನು ಗುರುತಿಸಿ ಅದಕ್ಕೆ ಚಿಕಿತ್ಸೆ ಮಾಡು’ ಎಂಬುದನ್ನೂ ಸೇರಿಸಿಕೊಂಡಿವೆ. ಆ ತತ್ತ್ವವನ್ನು ಪ್ರಾಮಾಣಿಕವಾಗಿ ಅನುಸರಿಸಿದರೆ ಅದು ನಮ್ಮನ್ನು ಮೊದಲು ರಕ್ತಪರೀಕ್ಷೆಯ ಕಡೆಗೇ ಕೊಂಡೊಯ್ಯುತ್ತದೆ.

4. ಮೊದಲು ಕಾರಣ

ಬಳಲಿಕೆಯು ಸ್ವತಃ ರೋಗವಲ್ಲ, ಹಲವು ರೋಗಗಳ ಸಮಾನ ಲಕ್ಷಣ. ನಮ್ಮ ದೇಶದಲ್ಲಿ ಅವುಗಳ ಪೈಕಿ ಅಗ್ರಸ್ಥಾನ ರಕ್ತಹೀನತೆಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57, ಪುರುಷರಲ್ಲಿ ಶೇಕಡಾ 25 ಮಂದಿ ರಕ್ತಹೀನರು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ವಯಸ್ಕ ಸ್ತ್ರೀಯರಿಗೆ 12 ಗ್ರಾಂ, ಪುರುಷರಿಗೆ 13 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿ ಬಳಲಿಕೆ ತೋರುವುದುಂಟು. ಫೆರಿಟಿನ್ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಮನೆಯೊಳಗೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಗೃಹಿಣಿಯ ‘ಸುಸ್ತು’ ಸೋಮಾರಿತನವೂ ಅಲ್ಲ, ಊರಿನ ಹಂಬಲವೂ ಅಲ್ಲ. ಹಲವು ವೇಳೆ ಅದು ಕಬ್ಬಿಣದ ಕೊರತೆಯಷ್ಟೇ. ಪುರುಷರಲ್ಲಿ ಮತ್ತು ಮುಟ್ಟು ನಿಂತ ಸ್ತ್ರೀಯರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಜಠರ ಅಥವಾ ಕರುಳಿನಲ್ಲಿ ರಕ್ತಸ್ರಾವವಿದೆಯೇ ಎಂದು ನೋಡಲೇಬೇಕು.

ಎರಡನೆಯದು ಬಿ-12 ಜೀವಸತ್ವದ ಕೊರತೆ. ಇದು ಮಾಂಸ, ಮೊಟ್ಟೆ, ಹಾಲುಗಳಲ್ಲಿ ದೊರೆಯುತ್ತದೆ. ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ಇದಕ್ಕೆ ಬೇರೆ ಸಹಜ ಆಧಾರವಿಲ್ಲ. ಹಿಂದೆ ನನ್ನೊಡನೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, ಶುದ್ಧ ಸಸ್ಯಾಹಾರಿಗಳು, ಬಳಲಿಕೆಯ ಪರಿಹಾರಕ್ಕೆಂದು ಯಾರದೋ ಸಲಹೆಯ ಮೇರೆಗೆ ಹಾಲನ್ನೂ ತ್ಯಜಿಸಿ ಎರಡು ವರ್ಷ ಹಸಿ ತರಕಾರಿ, ಹಣ್ಣು, ಮೊಳಕೆ ಕಾಳುಗಳ ಮೇಲೆಯೇ ಇದ್ದರು. ಬಳಲಿಕೆ ಹೆಚ್ಚಿದಾಗಲೆಲ್ಲ ‘ಒಳಗಿನ ಕಲ್ಮಷ ಹೊರಡುತ್ತಿದೆ’ ಎಂದು ಅವರಿಗೆ ಧೈರ್ಯ ಹೇಳಲಾಗುತ್ತಿತ್ತು. ಅಂಗಾಲುಗಳು ಜೋಮು ಹಿಡಿದು, ನಡಿಗೆ ತಡವರಿಸಿ, ಅಂಕಣಗಳ ಮೊತ್ತ ತಪ್ಪತೊಡಗಿದ ಮೇಲೆ ರಕ್ತಪರೀಕ್ಷೆಯಾಯಿತು. ಬಿ-12 ಚುಚ್ಚುಮದ್ದಿನಿಂದ ಬಳಲಿಕೆ ಕೆಲವೇ ವಾರಗಳಲ್ಲಿ ಇಳಿಯಿತು. ಕಾಲಿನ ಜೋಮು ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಈ ಕೊರತೆಯಿಂದ ನರಗಳಿಗೆ ಬಹುಕಾಲ ಆದ ಹಾನಿ ಎಲ್ಲರಲ್ಲಿಯೂ ಹಿಂತಿರುಗುವುದಿಲ್ಲ. ಚಿಕಿತ್ಸೆಯ ವಿಳಂಬಕ್ಕೆ ತೆರಬೇಕಾದ ಬೆಲೆ ಇಂಥದು.

ಇವಲ್ಲದೆ ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸಕ್ಕರೆ ಕಾಯಿಲೆ, ಕ್ಷಯ, ಮೂತ್ರಪಿಂಡ ಮತ್ತು ಯಕೃತ್ತಿನ ರೋಗಗಳು, ಖಿನ್ನತೆ, ರಕ್ತದೊತ್ತಡಕ್ಕೂ ಅಲರ್ಜಿಗೂ ಸೇವಿಸುವ ಕೆಲವು ಔಷಧಗಳು ಕೂಡ ಬಳಲಿಕೆಯನ್ನು ತರುತ್ತವೆ. ಜೋರಾಗಿ ಗೊರಕೆ ಹೊಡೆದು, ನಿದ್ರೆಯಲ್ಲಿ ಉಸಿರು ಕಟ್ಟಿ, ಹಗಲೆಲ್ಲ ತೂಕಡಿಸುವವರಿಗೆ ನಿದ್ರಾಶ್ವಾಸಭಂಗವಿರಬಹುದು. ತೂಕ ಇಳಿಯುವುದು, ಸಂಜೆಯ ಜ್ವರ, ರಾತ್ರಿ ಬೆವರು, ಮಲದಲ್ಲಿ ರಕ್ತ, ನಡೆದರೆ ಏದುಸಿರು, ಇವುಗಳಲ್ಲಿ ಒಂದಾದರೂ ಬಳಲಿಕೆಯ ಜೊತೆಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

5. ಪಂಚಭೂತಗಳ ಚಿಕಿತ್ಸೆ

ಕಾರಣಗಳನ್ನು ಹುಡುಕಿ ಸರಿಪಡಿಸಿದ ಮೇಲೂ, ಅಥವಾ ಯಾವ ರೋಗವೂ ಕಾಣದಿದ್ದಾಗಲೂ, ಉಳಿಯುವ ಬಳಲಿಕೆಗೆ ನಿಸರ್ಗೋಪಚಾರದಲ್ಲಿ ಏನಿದೆಯೆಂಬುದನ್ನು ಈಗ ನೋಡಬಹುದು.

ಪೃಥ್ವಿತತ್ತ್ವದಲ್ಲಿ ಮಣ್ಣಿನ ಪಟ್ಟಿ ಮುಖ್ಯವಾದದ್ದು. ಹೊಟ್ಟೆಯ ಮೇಲೂ ಕಣ್ಣಿನ ಮೇಲೂ ಇಡುವ ತಣ್ಣನೆಯ ಮಣ್ಣು ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ವಿಷವನ್ನು ಹೀರುತ್ತದೆಂಬುದಕ್ಕೆ ಆಧಾರವಿಲ್ಲ. ಅದನ್ನು ಇಟ್ಟುಕೊಂಡವನು ಅರ್ಧ ಗಂಟೆ ಅಲುಗಾಡದೆ ಕಣ್ಣುಮುಚ್ಚಿ ಮಲಗಲೇಬೇಕಾಗುತ್ತದೆಂಬುದೂ ಅದರ ಗುಣಗಳಲ್ಲಿ ಒಂದಾಗಿರಬಹುದು. ನೆಲದಿಂದ ಬೆಳೆದ ಆಹಾರದ ವಿಚಾರ ಇದಕ್ಕಿಂತ ಮುಖ್ಯವಾದದ್ದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಶ್ರಮಹರಗಳೆಂದು ಹತ್ತು ದ್ರವ್ಯಗಳನ್ನು ಹೇಳಿದೆ. ದ್ರಾಕ್ಷಿ, ಖರ್ಜೂರ, ಚಾರೋಳಿ, ಬೋರೆ, ದಾಳಿಂಬೆ, ಕಾಡಂಜೂರ, ಫಾಲ್ಸಾ, ಕಬ್ಬು, ಜವೆಗೋಧಿ, ಅರವತ್ತು ದಿನಗಳ ಅಕ್ಕಿ ಎಂಬ ಈ ಪಟ್ಟಿಯಲ್ಲಿ ಇರುವುದೆಲ್ಲ ಆಹಾರವೇ. ಆದರೆ ಇವು ದುಡಿದು ಬಂದವನ ಶ್ರಮಕ್ಕೆ ಹೇಳಿದವು. ಕುಳಿತಲ್ಲೇ ಬಳಲುವ, ಅದರಲ್ಲೂ ಸಕ್ಕರೆ ಕಾಯಿಲೆಯುಳ್ಳ, ನೌಕರನು ದಿನವಿಡೀ ಕಬ್ಬಿನ ಹಾಲು ಕುಡಿದರೆ ಚರಕಾಚಾರ್ಯರು ಹೊಣೆಯಲ್ಲ.

ನಮ್ಮ ಅಡುಗೆಯಲ್ಲಿಯೇ ಮಾಡಬಹುದಾದ ಸುಧಾರಣೆಗಳು ಕೆಲವಿವೆ. ಕಾಳು ಮತ್ತು ಧಾನ್ಯಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಮೊಳಕೆ ಕಟ್ಟುವುದರಿಂದಲೂ ಹಿಟ್ಟನ್ನು ಹುಳಿಬರಿಸುವುದರಿಂದಲೂ ಅದು ಕಡಿಮೆಯಾಗುತ್ತದೆ. ಊಟದಲ್ಲಿ ನಿಂಬೆಹಣ್ಣು, ನೆಲ್ಲಿಕಾಯಿ, ಪೇರಲೆಹಣ್ಣು ಇದ್ದರೆ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಊಟದೊಡನೆ ಚಹ ಅಥವಾ ಕಾಫಿ ಕುಡಿದರೆ ತಗ್ಗುತ್ತದೆ. ಆದುದರಿಂದ ರಾಗಿಮುದ್ದೆಗೆ ಸೊಪ್ಪಿನ ಸಾರು, ಮೊಳಕೆ ಹುರುಳಿಯ ಉಸಲಿಗೆ ನಿಂಬೆಯ ಹುಳಿ, ಚಹಕ್ಕೂ ಊಟಕ್ಕೂ ನಡುವೆ ಒಂದು ಗಂಟೆಯ ಅಂತರ, ಇಷ್ಟನ್ನು ಯಾವ ಮನೆಯಲ್ಲಿಯೂ ಖರ್ಚಿಲ್ಲದೆ ಆಚರಿಸಬಹುದು. ಆದರೆ ಕಬ್ಬಿಣ ತೀರ ತಗ್ಗಿದ ಮೇಲೆ ಆಹಾರವೊಂದರಿಂದಲೇ ಅದು ಬೇಗ ತುಂಬುವುದಿಲ್ಲ, ಗುಳಿಗೆ ಬೇಕಾಗುತ್ತದೆ.

ಜಲತತ್ತ್ವದಲ್ಲಿ ಕೂನೆಯ ಕಟಿಸ್ನಾನ ಪ್ರಸಿದ್ಧ. ತೊಟ್ಟಿಯ ತಣ್ಣೀರಿನಲ್ಲಿ ನಾಭಿಯವರೆಗೆ ಮುಳುಗುವಂತೆ ಕುಳಿತು, ಕಾಲುಗಳನ್ನು ಹೊರಗಿಟ್ಟು, 10ರಿಂದ 20 ನಿಮಿಷ ಕಿಬ್ಬೊಟ್ಟೆಯನ್ನು ಉಜ್ಜಿಕೊಳ್ಳುವುದು ಇದರ ವಿಧಾನ. ತಣ್ಣೀರು ಚರ್ಮಕ್ಕೆ ತಾಗಿದೊಡನೆ ನಾಡಿಯ ವೇಗ ಹೆಚ್ಚಿ, ನರಮಂಡಲ ಎಚ್ಚರಗೊಂಡು, ಲವಲವಿಕೆ ಮೂಡುತ್ತದೆ. ಈ ಪರಿಣಾಮ ನಿಜವಾದದ್ದು, ಆದರೆ ತಾತ್ಕಾಲಿಕವಾದದ್ದು. ಹೃದ್ರೋಗವುಳ್ಳವರು ಇದನ್ನು ವೈದ್ಯರ ಅನುಮತಿಯಿಲ್ಲದೆ ಮಾಡಕೂಡದು. ರಾತ್ರಿ ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ನಿದ್ರೆ ಬೇಗ ಹತ್ತುತ್ತದೆಂಬುದು ಪರೀಕ್ಷೆಗಳಿಂದ ಕಂಡುಬಂದಿದೆ.

ಆಕಾಶತತ್ತ್ವವೆಂದರೆ ಅವಕಾಶ, ನಮ್ಮ ಪ್ರಕೃತಿ ಚಿಕಿತ್ಸಕರು ಉಪವಾಸವನ್ನು ಇದರಡಿಯಲ್ಲಿ ಸೇರಿಸುತ್ತಾರೆ. ರಾತ್ರಿಯ ಊಟವನ್ನು ಹಗುರಗೊಳಿಸಿ ಬೇಗ ಮುಗಿಸುವುದು ಎಲ್ಲರಿಗೂ ಹಿತ. ಆದರೆ ಬಳಲಿದವನಿಗೆ ದೀರ್ಘ ಉಪವಾಸವನ್ನು ವಿಧಿಸುವುದಕ್ಕೆ ಮುನ್ನ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವನ್ನು ನೆನೆಯಬೇಕು. ಆರೋಗ್ಯವಂತರಾದ 36 ಮಂದಿ ಸ್ವಯಂಸೇವಕ ತರುಣರಿಗೆ 24 ವಾರ ಅರೆಹೊಟ್ಟೆಯ ಆಹಾರ ಕೊಡಲಾಯಿತು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದರೊಡನೆ ತೀವ್ರ ಬಳಲಿಕೆ, ಚಳಿ, ಖಿನ್ನತೆ, ನಿರುತ್ಸಾಹಗಳು ಆವರಿಸಿದವು. ಕೊರತೆಯಿಂದ ಬಳಲಿದ ದೇಹಕ್ಕೆ ಇನ್ನಷ್ಟು ಕೊರತೆ ಮದ್ದಾಗಲಾರದು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಉಪವಾಸ ಪ್ರಾಣಾಪಾಯಕರ.

ತೇಜಸ್ತತ್ತ್ವದ ಸೂರ್ಯಸ್ನಾನದಲ್ಲಿ ಎರಡು ಪ್ರಯೋಜನಗಳನ್ನು ಬೇರ್ಪಡಿಸಬೇಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಮಿದುಳಿನ ಗಡಿಯಾರ ಸರಿಗೊಂಡು ಹಗಲಿನ ಎಚ್ಚರವೂ ರಾತ್ರಿಯ ನಿದ್ರೆಯೂ ನೇರ್ಪಡುತ್ತವೆ. ಡಿ ಜೀವಸತ್ವವನ್ನು ಉತ್ಪಾದಿಸುವ ಕಿರಣಗಳಾದರೋ ಮುಂಜಾನೆಯ ಎಳೆಬಿಸಿಲಿನಲ್ಲಿ ಅತ್ಯಲ್ಪ; ಹೊತ್ತೇರಿದ ಮೇಲೆಯೇ ಅವು ಹೆಚ್ಚು, ಕಿಟಕಿಯ ಗಾಜನ್ನಂತೂ ಅವು ದಾಟಿ ಬರವು. ಬಿಸಿಲಿನ ನಾಡಿನಲ್ಲಿದ್ದೂ ಕಚೇರಿಯ ನೌಕರರಲ್ಲಿ ಡಿ ಜೀವಸತ್ವದ ಕೊರತೆ ವ್ಯಾಪಕವಾಗಿರುವುದಕ್ಕೆ ಇದೂ ಒಂದು ಕಾರಣ.

ವಾಯುತತ್ತ್ವದಲ್ಲಿ ತೆರೆದ ಗಾಳಿಯ ನಡಿಗೆ, ದೀರ್ಘಶ್ವಾಸ, ಪ್ರಾಣಾಯಾಮಗಳು ಸೇರುತ್ತವೆ. ಕಾರಣ ಕಾಣದ ಸಾಮಾನ್ಯ ಬಳಲಿಕೆಗೆ ಲಘು ವ್ಯಾಯಾಮದಷ್ಟು ಫಲಕಾರಿಯಾದದ್ದು ಬೇರೆ ಕಡಿಮೆ. ಜಡಜೀವನದ, ಸದಾ ಬಳಲುವ ತರುಣರನ್ನು ಕುರಿತು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾರಕ್ಕೆ ಮೂರು ಸಲ ಆರು ವಾರ ವ್ಯಾಯಾಮ ಮಾಡಿದವರ ಬಳಲಿಕೆ ತಗ್ಗಿತು. ಅದರಲ್ಲಿಯೂ ಮಧ್ಯಮ ವ್ಯಾಯಾಮಕ್ಕಿಂತ ಲಘು ವ್ಯಾಯಾಮವೇ ಬಳಲಿಕೆಯನ್ನು ಹೆಚ್ಚಾಗಿ ತಗ್ಗಿಸಿತು.

6. ವ್ಯಾಯಾಮವೇ ಅಪಾಯವಾಗುವ ಸ್ಥಿತಿ

ಈ ಮಾತಿಗೆ ಒಂದು ಅಪವಾದವಿದೆ, ಅದನ್ನು ಅರಿಯದೆ ಎಷ್ಟೋ ಮಂದಿ ಕೆಟ್ಟಿದ್ದಾರೆ. 1955ರಲ್ಲಿ ಲಂಡನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಒಂದು ವಿಚಿತ್ರ ವ್ಯಾಧಿ ಹರಡಿ, ಹಲವರಲ್ಲಿ ಬಳಲಿಕೆ ಬಹುಕಾಲ ನಿಂತಿತು. ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್ ಎಂಬ ಹೆಸರು ಬಂದದ್ದು ಅದರಿಂದಲೇ. 1988ರಲ್ಲಿ ಅಮೆರಿಕದ ವೈದ್ಯರು ‘ಕ್ರಾನಿಕ್ ಫೆಟೀಗ್ ಸಿಂಡ್ರೋಮ್’ ಎಂಬ ಹೆಸರನ್ನು ಕೊಟ್ಟರು. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ಸಮಿತಿಯು ಇದರ ಲಕ್ಷಣಗಳನ್ನು ಹೀಗೆ ನಿರ್ದೇಶಿಸಿತು: ಆರು ತಿಂಗಳಿಗೆ ಮಿಕ್ಕು ದುಡಿಮೆಯ ಸಾಮರ್ಥ್ಯವನ್ನು ಕುಗ್ಗಿಸುವ ಬಳಲಿಕೆ, ಶ್ರಮಪಟ್ಟ ಮೇಲೆ ಎಲ್ಲ ಲಕ್ಷಣಗಳೂ ಉಲ್ಬಣಿಸುವುದು, ನಿದ್ರೆಯಿಂದ ಚೇತರಿಕೆ ಇಲ್ಲದಿರುವುದು, ಇವುಗಳೊಡನೆ ಬುದ್ಧಿಯ ಮಂಕು ಅಥವಾ ಎದ್ದುನಿಂತಾಗ ಲಕ್ಷಣಗಳು ಹೆಚ್ಚುವುದು.

ಇಲ್ಲಿ ಎರಡನೆಯ ಲಕ್ಷಣವೇ ನಿರ್ಣಾಯಕ. ಅಂಥವನು ಇಂದು ಉತ್ಸಾಹದಿಂದ ಎರಡು ಮೈಲಿ ನಡೆದರೆ ನಾಳೆ ಅಥವಾ ನಾಡಿದ್ದು ಹಾಸಿಗೆ ಹಿಡಿಯುತ್ತಾನೆ. ಆ ಹಿನ್ನಡೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಿಲ್ಲುತ್ತದೆ. ವ್ಯಾಯಾಮವನ್ನು ಕ್ರಮಕ್ರಮವಾಗಿ ಏರಿಸುತ್ತ ಹೋಗಬೇಕೆಂಬ ಚಿಕಿತ್ಸೆಗೆ 2011ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಬೆಂಬಲ ನೀಡಿತ್ತು. ಅದರ ವಿಧಾನವನ್ನು ಕುರಿತು ಬಹಳ ವಿವಾದವೆದ್ದಿತು. ಕೊನೆಗೆ 2021ರ ಅಕ್ಟೋಬರಿನಲ್ಲಿ ಆ ದೇಶದ ‘ನೈಸ್’ ಸಂಸ್ಥೆಯು ಆ ಚಿಕಿತ್ಸೆಯನ್ನು ಈ ರೋಗಿಗಳಿಗೆ ವಿಧಿಸಬಾರದೆಂದು ಹೇಳಿ, ಶಕ್ತಿಯ ಮಿತಿಯೊಳಗೆ ಬದುಕುವ ಕ್ರಮವನ್ನು ಸೂಚಿಸಿತು. ಕೋವಿಡ್ ಬಂದುಹೋದ ಮೇಲೆ ಬಳಲಿಕೆಗೆ ತುತ್ತಾದವರಲ್ಲಿಯೂ ಕೆಲವರ ಸ್ಥಿತಿ ಇದೇ.

ಪ್ರಾಣಶಕ್ತಿಯನ್ನು ಮಿತವ್ಯಯದಿಂದ ಬಳಸಬೇಕೆಂಬ ನಿಸರ್ಗೋಪಚಾರದ ಹಳೆಯ ಸೂತ್ರ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಈ ರೋಗಿಯ ಖಾತೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿಲ್ಲ. ಮಿತಿ ಮೀರಿ ತೆಗೆದದ್ದಕ್ಕೆ ಬಡ್ಡಿ ವಿಪರೀತ. ಬೆಳಗಿನ 5 ಗಂಟೆಗೆ ಎಬ್ಬಿಸಿ ಎಲ್ಲರಿಗೂ ಒಂದೇ ವ್ಯಾಯಾಮ, ಒಂದೇ ಕ್ರಿಯೆ ಮಾಡಿಸುವ ಚಿಕಿತ್ಸಾಲಯಗಳು ತಮ್ಮ ಮೂಲಸೂತ್ರವನ್ನು ತಾವೇ ಮರೆತಂತೆ ಆಗುತ್ತದೆ. ಹಿಂದಿನ ದಿನದ ಶ್ರಮದಿಂದ ಮರುದಿನ ಕುಸಿಯುವ ರೋಗಿಯನ್ನು ‘ಮನಸ್ಸು ಗಟ್ಟಿಮಾಡಿ ನಡೆಯಿರಿ’ ಎಂದು ಹುರಿದುಂಬಿಸುವುದು ಅವನಿಗೆ ಮಾಡುವ ಉಪಕಾರವಲ್ಲ.

7. ಅಂಗಡಿಯ ‘ಪ್ರಕೃತಿ’

ಔಷಧವರ್ಜನೆಯಿಂದ ಆರಂಭವಾದ ಪಂಥದ ಹೆಸರಿನಲ್ಲಿ ಇಂದು ಡಬ್ಬಿಗಳ ವ್ಯಾಪಾರ ನಡೆಯುತ್ತಿರುವುದು ವಿಪರ್ಯಾಸ. ದುಡಿಮೆಯ ಒತ್ತಡದಿಂದ ಅಡ್ರಿನಲ್ ಗ್ರಂಥಿಗಳು ದಣಿದು ಬಳಲಿಕೆ ಬರುತ್ತದೆಂಬ ‘ಅಡ್ರಿನಲ್ ಫೆಟೀಗ್’ ವಾದವು 1998ರಿಂದ ಅಮೆರಿಕದಲ್ಲಿ ಪ್ರಚಾರಗೊಂಡಿತು. ಆ ಗ್ರಂಥಿಗಳು ನಾಶವಾಗುವ ರೋಗವೊಂದು ಇರುವುದು ನಿಜ. ಥಾಮಸ್ ಅಡಿಸನ್ 1855ರಲ್ಲಿಯೇ ಅದನ್ನು ವರ್ಣಿಸಿದ್ದಾನೆ, ಅದು ವಿರಳ ಮತ್ತು ಪ್ರಾಣಾಂತಿಕ. ಆದರೆ ಗ್ರಂಥಿಗಳು ಕೇವಲ ‘ದಣಿಯುತ್ತವೆ’ ಎಂಬುದನ್ನು ಗ್ರಂಥಿಶಾಸ್ತ್ರಜ್ಞರು ಒಪ್ಪಿಲ್ಲ. 2016ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಾಗಿ ವಿಮರ್ಶಿಸಿದವರೂ ಅದಕ್ಕೆ ಪುರಾವೆ ಇಲ್ಲವೆಂದೇ ತೀರ್ಮಾನಿಸಿದರು. ಇದರ ಹೆಸರಿನಲ್ಲಿ ಮಾರುವ ಯಷ್ಟಿಮಧು, ಅಂದರೆ ಜ್ಯೇಷ್ಠಮಧುವನ್ನು, ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಅಶ್ವಗಂಧದಿಂದ ನಿದ್ರೆ ಮತ್ತು ಉದ್ವೇಗಗಳಲ್ಲಿ ಅಲ್ಪ ಲಾಭ ಕಂಡ ಪರೀಕ್ಷೆಗಳಿವೆ. ಅದರಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಅಮೃತಬಳ್ಳಿ ಸೇವಿಸಿ ಯಕೃತ್ತಿನ ತೊಂದರೆಗೊಳಗಾದ ಆರು ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದಾಗ ಆಯುಷ್ ಸಚಿವಾಲಯವು ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಪ್ರಕೃತಿಯಲ್ಲಿ ಬೆಳೆದ ಮಾತ್ರಕ್ಕೆ ನಿರಪಾಯವೆಂದು ತಿಳಿದು ಪ್ರತಿದಿನ ಕಷಾಯ ಕುಡಿಯುವುದು ವಿವೇಕವಲ್ಲ.

8. ಉಪಸಂಹಾರ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಚಿಕಿತ್ಸಾಲಯದ ಹದಿನೈದು ದಿನಗಳಲ್ಲಿ ಹೊತ್ತಿಗೆ ಸರಿಯಾದ ನಿದ್ರೆ, ಬೆಳಗಿನ ಬೆಳಕು, ಮಿತವಾದ ಹೊಸ ಆಹಾರ, ಮದ್ಯ, ತಂಬಾಕು, ಕಾಫಿಗಳ ವರ್ಜನೆ, ಲಘು ನಡಿಗೆ, ಚಿಂತೆಯಿಂದ ಬಿಡುಗಡೆ, ತನ್ನ ಮಾತನ್ನು ಕೇಳುವ ವೈದ್ಯ, ಇವೆಲ್ಲ ಒಟ್ಟಿಗೆ ಒದಗುತ್ತವೆ. ಮಣ್ಣು ನೀರುಗಳು ಈ ದಿನಚರಿಯ ಅಂಗಗಳು, ಅದರ ಪ್ರಾಣವಲ್ಲ. ಮನೆಗೆ ಹಿಂತಿರುಗಿದವನು ದಿನಚರಿಯನ್ನು ಅಲ್ಲಿಯೇ ಬಿಟ್ಟು ಡಬ್ಬಿಗಳನ್ನು ಹೊತ್ತುತರುವುದರಿಂದಲೇ ಬಳಲಿಕೆಯೂ ಹಿಂದೆಯೇ ಬರುತ್ತದೆ.

ಆದುದರಿಂದ ಅನುಸರಿಸಬೇಕಾದ ಕ್ರಮ ಇಷ್ಟು. ಬಳಲಿಕೆ ಒಂದು ತಿಂಗಳು ಮೀರಿದರೆ ಮೊದಲು ವೈದ್ಯರಲ್ಲಿ ಪರೀಕ್ಷೆ. ಹಿಮೋಗ್ಲೋಬಿನ್, ಫೆರಿಟಿನ್, ಬಿ-12, ಥೈರಾಯ್ಡ್, ಸಕ್ಕರೆಗಳ ಪರಿಶೀಲನೆ. ದೊರೆತ ಕಾರಣಕ್ಕೆ ತಕ್ಕ ಚಿಕಿತ್ಸೆ. ಅನಂತರ ಶ್ರಮದ ಮರುದಿನ ತಾನು ಹೇಗಿರುತ್ತೇನೆಂದು ಎರಡು ವಾರ ಬರೆದಿಟ್ಟು ನೋಡುವುದು. ಮರುದಿನ ಕುಸಿಯದವರು ನಡಿಗೆಯನ್ನು ನಿಧಾನವಾಗಿ ಹೆಚ್ಚಿಸಲಿ; ಕುಸಿಯುವವರು ತಮ್ಮ ಮಿತಿಯನ್ನು ಗುರುತಿಸಿ ಅದರೊಳಗೆ ಇರಲಿ, ತಜ್ಞರನ್ನು ಕಾಣಲಿ. ನಿದ್ರೆ, ಬೆಳಕು, ಊಟಗಳ ನಿಯಮ ಇಬ್ಬರಿಗೂ ಸಮಾನ.

ಕೊನೆಗೆ ಒಂದು ಸೂಚನೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ನಾಡಹಬ್ಬವನ್ನೂ ಉಪನ್ಯಾಸಗಳನ್ನೂ ಏರ್ಪಡಿಸುತ್ತವೆ. ಅದೇ ಸಭಾಗೃಹದಲ್ಲಿ, ಅದೇ ದಿನ, ಸದಸ್ಯರ ಮನೆಯ ಸ್ತ್ರೀಯರಿಗಾಗಿ ಮುಖ್ಯವಾಗಿ, ಹಿಮೋಗ್ಲೋಬಿನ್ ಪರೀಕ್ಷೆಯ ಏರ್ಪಾಡು ಮಾಡಿದರೆ ಖರ್ಚು ಹೆಚ್ಚಲ್ಲ. ಉಪನ್ಯಾಸ ಕೇಳಲು ಬಾರದೆ ‘ಸುಸ್ತಾಗಿದೆ’ ಎಂದು ಮನೆಯಲ್ಲಿಯೇ ಉಳಿಯುವವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಚಿಕಿತ್ಸೆ ಬೇಕಾಗಿತ್ತೆಂಬುದು ಆಗ ತಿಳಿದೀತು.